ಕಾಶಿಗೂ ಮುಂಬೈಗೂ ನಡುವೆ ನಯನ

ನಯನ ಬೆಳಗಿನ ಹಾಲು ಕರೆಯುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಬೆರಳಿಗೆ ಒಂದು ತೊಟ್ಟು ಹರಳೆಣ್ಣೆ ಸವರಿಕೊಂಡು, ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದಳು. ಮೊದಲು ಬಕೆಟ್ಟಿನ ತಳದಲ್ಲಿ ಟಣ್ ಟಣ್ ಎಂದ ಹಾಲು, ನೊರೆ ಏರಿದ ಮೇಲೆ ಚೊರ್ ಚೊರ್ ಎಂದು ಮೆತ್ತಗಾಯಿತು. ಹಸುವೂ ಮಾತಾಡಲಿಲ್ಲ. ಅವರಿಬ್ಬರಿಗೂ ಒಬ್ಬರಿಗೊಬ್ಬರು ಹೇಳುವುದಕ್ಕೆ ಏನೂ ಇರಲಿಲ್ಲ. ಅದೇ ಇಬ್ಬರ ನಡುವಿನ ಸುಖ.

ಆದರೆ ಹಿಂದಿನ ಸಂಜೆ ಅವಳು ಎತ್ತಬೇಕಾದ ಕೈ ಎತ್ತಿರಲಿಲ್ಲ. ಹುಣಸೆಮರದದೊಡ್ಡಿಗೆ ಹಿಡಿದ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಸೋಮನಹಳ್ಳಿ ಹೆದ್ದಾರಿಯಿಂದ ಒಳಕ್ಕೆ ಬಂದರೆ ಸಿಗುವ ಈ ದೊಡ್ಡಿಯ ಕೆಳಗಿನ ಬೀದಿ ಹೆಂಗಸರದ್ದೊಂದು ಸಂಘ. ವರ್ಷಾನುಗಟ್ಟಲೆ ಕೂಡಿಟ್ಟ ಉಳಿತಾಯದಲ್ಲಿ ಒಂದು ಪ್ರವಾಸ ಹೋಗಿಯೇ ತೀರುವುದೆಂದು ಈ ವರ್ಷ ತೀರ್ಮಾನವಾಗಿತ್ತು. ಎಲ್ಲಿಗೆ ಎನ್ನುವುದು ಮಾತ್ರ ತೀರ್ಮಾನವಾಗಿರಲಿಲ್ಲ. ನಾಲ್ಕು ಕೈ ಕಾಶಿಗೆ ಎದ್ದವು. ನಾಲ್ಕು ಕೈ ಮುಂಬೈಗೆ ಎದ್ದವು. ಒಂಬತ್ತನೆಯವಳು ನಯನ. ಕಾಶಿ ಎಂದಾಗ ಅವಳು ನೆಲ ನೋಡಿದಳು. ಮುಂಬೈ ಎಂದಾಗ ಅವಳ ಬಲಗೈ ಭುಜದ ತನಕ ಬಂತು. ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಹೊಂಬಾಳಮ್ಮನ ಕಣ್ಣು ಎದುರಾಯಿತು. ಕೈ ಅಲ್ಲಿಂದಲೇ ದಾರಿ ಬದಲಿಸಿ ಕತ್ತು ಕೆರೆದುಕೊಂಡು ಕೆಳಗಿಳಿಯಿತು.

"ಎರಡೂ ಊರಿಗೆ ಓಗ್ಬುಡನ ಬುಡಿ" ಎಂದು ಯಾರೋ ಅಂದಿದ್ದರು. "ಅಷ್ಟು ದಿನ ಹಸ ಯಾರ್ ಕರೀತಾರೆ, ನಿಮ್ಮಪ್ಪನಾ?" ಎಂದು ನಾಲ್ಕು ಬಾಯಿ ಒಟ್ಟಿಗೆ ಕೇಳಿದ್ದವು. ಈ ಬೀದಿಯ ಗಂಡಸರು ಹಸು ತೊಳೆಯುತ್ತಾರೆ, ಮೇವು ಕುಯ್ಯುತ್ತಾರೆ, ಕರೆಯಲು ಮಾತ್ರ ಕೂರುವುದಿಲ್ಲ. ಗಂಡಸು ಕೂತರೆ ಹಸು ಹಾಲು ಎತ್ತಿಕೊಳ್ಳುತ್ತದೆಂದು ಅವರೇ ಊರಿಗೆಲ್ಲ ನಂಬಿಸಿಬಿಟ್ಟಿದ್ದರು. ನೆಂಟರ ಪೈಕಿ ಯಾರನ್ನಾದರೂ ಕರೆಸಿ ಹಸು ಒಪ್ಪಿಸಬೇಕು. ನೆಂಟರು ಒಂದು ಊರು ನೋಡಿ ಬರುವಷ್ಟು ದಿನ ನಿಂತಾರು, ಎರಡು ಊರಿನಷ್ಟು ನಿಲ್ಲಲಾರರು. ಹಾಗಾಗಿ ಕಾಶಿಯಾದರೆ ಕಾಶಿ, ಮುಂಬೈಯಾದರೆ ಮುಂಬೈ.

"ಆಯ್ತು, ನಯನ ಏನಂತಾಳೋ ಅದೇ. ನಾಳೆ ಸಂಜೆ ಡೈರಿ ತಾವ ಏಳ್ಲಿ" ಎಂದು ಹೊಂಬಾಳಮ್ಮ ಸಭೆ ಮುಗಿಸಿದ್ದಳು.

ನಯನ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಅವ್ವ ಮಲ್ಲಿಗಮ್ಮನ ಮಂಡಿ ಕೈಕೊಟ್ಟ ವರ್ಷ ಹಸುವೂ ಅವಳ ಪಾಲಿಗೆ ಬಂತು, ಸಂಘದ ಸದಸ್ಯತ್ವವೂ ಬಂತು. ಅವಳು ನೋಡಿದ್ದರಲ್ಲಿ ದೊಡ್ಡ ನೀರೆಂದರೆ ಶಿಂಷಾ ಹೊಳೆ, ಅದೂ ಬೇಸಿಗೆಯಲ್ಲಿ. ಆಚೆ ದಡವೇ ಕಾಣದ ನೀರು ಹೇಗಿರುತ್ತದೆಂದು ಒಮ್ಮೆ ನಿಂತು ನೋಡಬೇಕು ಎನ್ನುವುದು ಅವಳ ಒಳಗೇ ಇದ್ದ ಒಂದೇ ಆಸೆ. ಅದನ್ನು ಅವಳು ಹೇಳಿಕೊಂಡದ್ದು ಹಸುವಿಗೆ ಮಾತ್ರ, ಅದೂ ಬಾಯಿಬಿಟ್ಟಲ್ಲ.

ಬೆಳಗಿನ ಹಾಲು ಹಾಕಿ ಬಂದು ಮುದ್ದೆಗೆ ಎಸರಿಟ್ಟಿದ್ದಳಷ್ಟೆ, ಬಾಗಿಲಲ್ಲಿ ಹೊಂಬಾಳಮ್ಮ. ಸೆರಗಿನ ತುಂಬ ಹಸಿ ಅವರೆಕಾಯಿ.

"ತಗವ್ವ, ನಮ್ಮ ಇತ್ಲಲ್ಲಿ ಬಿಟ್ಟವೆ. ಸೊಗಡು ನೋಡು" ಎಂದು ಮೊರಕ್ಕೆ ಸುರಿದು, ಕಂಬಕ್ಕೆ ಒರಗಿ ಕೂತಳು. "ನೋಡು ಮಗ, ಬೊಂಬಾಯಿ ಎಲ್ಲೂ ಓಡೋಗಲ್ಲ. ಇವತ್ತಲ್ದಿದ್ರೆ ನಾಳೆ ಓಗ್ಬೋದು. ಕಾಸಿ ಅಂಗಲ್ಲ. ಕಾಸಿಗೆ ಓಗಿ ಬದುಕಿ ಬಂದ್ರೂ ಪುಣ್ಯ, ಅಲ್ಲೇ ಸತ್ರೂ ಪುಣ್ಯ. ಲಾಸು ಅನ್ನೋದೇ ಇಲ್ಲ ಕಣವ್ವ. ಬೊಂಬಾಯಲ್ಲಿ ಸತ್ರೆ ಏನದೆ? ಬರೀ ಸತ್ತಂಗಾಯ್ತದೆ."

ಬೀದಿಯಲ್ಲಿ ಕಾಶಿ ನೋಡಿದವಳು ಹೊಂಬಾಳಮ್ಮ ಒಬ್ಬಳೇ. ಆ ಬಲದ ಮೇಲೆಯೇ ಅವಳು ಅಧ್ಯಕ್ಷೆಯಾದದ್ದು. ಗಂಗೆಯಲ್ಲಿ ಒಂದು ಮುಳುಗು ಹಾಕಿದರೆ ಏಳು ಜನ್ಮದ ಪಾಪ ಹೋಗುತ್ತದೆಂದು ಅವಳು ಹೇಳುವಾಗ ನಯನ ತನ್ನ ಪಾಪಗಳನ್ನು ನೆನಪು ಮಾಡಿಕೊಂಡಳು. ಒಂದು ಸಲ ಕರುವಿಗೆ ಜಾಸ್ತಿ ಹಾಲು ಬಿಟ್ಟು, ಹಸು ಕಮ್ಮಿ ಕೊಟ್ಟಿತೆಂದು ಅವ್ವನಿಗೆ ಹೇಳಿದ್ದು ಬಿಟ್ಟರೆ ಬೇರೆ ಸಿಗಲಿಲ್ಲ. ಅಷ್ಟಕ್ಕೆ ಗಂಗೆಯನ್ನು ತೊಂದರೆಪಡಿಸಬೇಕೇ ಅನಿಸಿತು.

"ಏನವ್ವ, ಕಾಸಿ ತಾನೆ?"

"ಹೂಂ" ಅಂದಳು ನಯನ. ಅವಳ ಹೂಂಗೆ 'ಕೇಳಿಸಿತು' ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಹೊಂಬಾಳಮ್ಮ ಮಾತ್ರ ಆ ಹೂಂ ಅನ್ನು ಸೆರಗಿಗೆ ಗಂಟು ಹಾಕಿಕೊಂಡು, ಅರ್ಧ ಕಾಶಿ ತಲುಪಿದವಳಂತೆ ಎದ್ದು ಹೋದಳು.

ಅವಳು ಬೀದಿ ತಿರುಗುವುದನ್ನೇ ಕಾಯುತ್ತಿದ್ದವಳಂತೆ ವೀಣ ಒಳಗೆ ಬಂದಳು. ಕೈಯಲ್ಲಿ ಎಣ್ಣೆ ಒಸರುವ ಕಾಗದದ ಪೊಟ್ಟಣ. ಒಳಗೆ ಮದ್ದೂರು ವಡೆ. ವೀಣಳ ಗಂಡ ಸಂತೋಷ್ ಮದ್ದೂರು ಮಾರುಕಟ್ಟೆಯಿಂದ ಮುಂಬೈಗೆ ಎಳನೀರು ಹೊಡೆಯುವ ಲಾರಿ ಡ್ರೈವರ್. ಹೀಗಾಗಿ ಬೀದಿಯಲ್ಲಿ ಮುಂಬೈ ವೀಣಳ ತವರುಮನೆ ಇದ್ದಹಾಗೆ.

"ಅವಮ್ಮ ಏನಂತು? ಕಾಸಿ ನೋಡಿವ್ನಿ ಅಂತು ತಾನೆ? ಏನೂ ನೋಡಿಲ್ಲ ಕಣೆ. ಓದೇಟ್ಗೆ ಕಾಲು ಉಳುಕ್ತು. ಮಿಕ್ಕೋರೆಲ್ಲ ಗಂಗೆಗೆ ಓದ್ರು, ಇವಮ್ಮನ್ನ ಛತ್ರದಲ್ಲಿ ಚೀಲ ಕಾಯಕ್ಕೆ ಕೂರ್ಸಿದ್ರು. ಅದು ನೋಡಿರೋದು ಕಾಸಿ ಅಲ್ಲ, ನೆಂಟ್ರು ಚೀಲ! ಕಾಸೀಲಿ ಪ್ರೀತಿ ಇರೋದು ಒಂದು ಬುಟ್ಟು ಬರ್ಬೇಕು ಅಂತ ಬದ್ನೇಕಾಯಿ ಬುಟ್ಟು ಬಂದವ್ಳೆ. ಮೊದ್ಲಿಂದ್ಲೂ ಅದು ತಿಂದ್ರೆ ಮೈಯೆಲ್ಲ ಕಡೀತಿತ್ತು."

ನಯನಳಿಗೆ ನಗು ಬಂತು. ವಡೆಯ ಹಿಂದೆ ಮುಖ ಮುಚ್ಚಿಕೊಂಡಳು.

"ನೋಡು ನಯನ" ಎಂದು ವೀಣ ಹತ್ತಿರ ಸರಿದಳು. "ನಿಮ್ಮ ಸಂತೋಸಣ್ಣ ತುಂಬ್ಕೊಂಡೋಗೋ ಎಳನೀರ್ನ ಸಮುದ್ರದ ದಡದಲ್ಲಿ ನಿಲ್ಸಿ ಮಾರ್ತಾರಂತೆ. ನಿಮ್ಮ ತೋಟದವೂ ಓಗವೆ, ನಮ್ಮ ತೋಟದವೂ ಓಗವೆ. ನಮ್ಮೂರ್ ಎಳನೀರೆಲ್ಲ ಸಮುದ್ರ ನೋಡವೆ. ಬುಡಕ್ಕೆ ನೀರು ಕಟ್ಟಿದ ನಾವು ನೋಡಿಲ್ಲ. ಎಳನೀರ್ಗಿಂತ ಕಡೆ ಆಗೋದ್ವಾ ನಾವು?"

ನಯನಳಿಗೆ ಸಮುದ್ರ ಎಷ್ಟು ದೊಡ್ಡದು ಎಂದು ಕೇಳಬೇಕೆನಿಸಿತು. ಕೇಳುವಷ್ಟರಲ್ಲಿ ವೀಣಳೇ, "ನಾನೂ ನಿಮ್ಮಣ್ಣನ್ನ ಕೇಳ್ದೆ, ಸಮುದ್ರ ಎಂಗದೆ ಅಂತ. 'ಲಾರಿ ಪಾರ್ಕಿಂಗ್ ಸಿಗಲ್ಲ' ಅಂತು. ಗಂಡಸ್ರನ್ನ ಎಲ್ಲಿಗೆ ಕಳುಸಿದ್ರೂ ಅಷ್ಟೆ ಬುಡು. ಮುಂಬೈ ತಾನೆ?" ಅಂದಳು.

"ಹೂಂ." ಈ ಹೂಂ ಮಾತ್ರ ನಯನಳ ಹೊಟ್ಟೆಯೊಳಗಿಂದ ಬಂದದ್ದು. ಆದರೆ ಹೊರಗೆ ಕೇಳುವವರಿಗೆ ಎರಡು ಹೂಂಗಳೂ ಒಂದೇ ಸೇರಿನಲ್ಲಿ ಅಳೆದ ರಾಗಿ ಹಾಗಿದ್ದವು.

ಮೂರನೆಯವಳು ಪಕ್ಕದ ಮನೆಯ ಚಿಕ್ಕಮಾದಮ್ಮ. ವಯಸ್ಸಾದವಳು, ಕಾಶಿಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು. ಹಿತ್ತಲ ಬಾಗಿಲಿಂದ ಕಳ್ಳಬೆಕ್ಕಿನಂತೆ ಬಂದು, ನಯನಳ ಕಿವಿಗೆ ಬಾಯಿಟ್ಟಳು.

"ನೀನು ಬೊಂಬಾಯಿ ಅಂದ್ಬುಡು ಮಗಳೆ."

ನಯನ ಕಣ್ಣರಳಿಸಿದಳು.

"ಕಾಸೀಲಿ ಪ್ರೀತಿ ಇರೋದು ಒಂದು ಬುಡ್ಬೇಕು. ನಂಗೆ ಪ್ರೀತಿ ಇರೋದು ಒಂದೇ, ನಾಟಿ ಕೋಳಿ ಸಾರು. ಅದ ಬುಟ್ಟು ಸ್ವರ್ಗಕ್ಕೋಗಿ ಅಲ್ಲೇನ್ ಮಾಡ್ಲಿ? ಆಗ್ಲಕಾಯಿ ಬುಡ್ತೀನಿ ಅಂದ್ರೆ, ಅದು ನಿಂಗೆ ಪ್ರೀತಿ ಇಲ್ಲ ಅಂತಾಳೆ ಹೊಂಬಾಳಿ. ಗಂಡನ್ನ ಬುಡ್ತೀನಿ ಅಂದ್ರೆ ಅದ್ಕೂ ಹಂಗೇ ಅಂತಾಳೆ. ನಾನು ಏಳ್ದೆ ಅಂತ ಮಾತ್ರ ಏಳ್ಬೇಡ ಕಣವ್ವ, ಮಾನ ಓಯ್ತದೆ."

"ಹೂಂ" ಅಂದಳು ನಯನ.

ಊರಲ್ಲಿ ಮಾತು ನಾಯಿಗಿಂತ ಬೇಗ ಓಡುತ್ತದೆ. ಮಧ್ಯಾಹ್ನ ತಿರುಗುವಷ್ಟರಲ್ಲಿ ಹೊಂಬಾಳಮ್ಮನ ಕಡೆಯವರು ಗಂಗಾಜಲ ತುಂಬಲು ಯಾರ ಮನೆಯ ಗಿಂಡಿ ಗಟ್ಟಿಯಿದೆ ಎಂದು ನೋಡುತ್ತಿದ್ದರು. ವೀಣಳ ಕಡೆಯವರು ಸಮುದ್ರಕ್ಕೆ ಇಳಿಯುವಾಗ ಸೀರೆಯೋ ಚೂಡಿದಾರವೋ ಎಂಬ ಚರ್ಚೆಯಲ್ಲಿದ್ದರು. ಎರಡೂ ಕಡೆಯವರು ನಲ್ಲಿಯ ಹತ್ತಿರ ಎದುರಾದರು.

"ನಯನ ಕಾಸಿಗೆ ಹೂಂ ಅಂದವ್ಳೆ!"

"ಯಾವಾಗ? ಮುಂಬೈಗೆ ಹೂಂ ಅಂದ್ಲಲ್ಲ ನನ್ ಮುಂದೆ!"

"ಅವರೆಕಾಯಿ ಈಸ್ಕೊಂಡು ಹೂಂ ಅಂದವ್ಳೆ!"

"ವಡೆ ತಿಂದು ಹೂಂ ಅಂದವ್ಳೆ!"

ಕೊಡಗಳು ನಲ್ಲಿಯ ಹತ್ತಿರವೇ ಉಳಿದವು. ಎಂಟೂ ಜನ ನಯನಳ ಮನೆಯ ಮುಂದೆ ಬಂದು ನಿಂತರು. ಜಗಲಿಯ ಮೇಲೆ ಮಂಡಿ ಉಜ್ಜಿಕೊಳ್ಳುತ್ತಿದ್ದ ಮಲ್ಲಿಗಮ್ಮ, "ಯಾಕ್ರವ್ವ ಇಂಗೆ ಕಿರುಚ್ತೀರಿ? ಅದು ಉಟ್ಟಿದಾಗ್ಲಿಂದ ಹೂಂ ಅಂತ್ಲೇ ಅದೆ. ಅದ್ರ ಹೂಂ ನಂಬ್ಕೊಂಡು ಕಾಸಿಗೋದೋರೂ ಇಲ್ಲ, ಬೊಂಬಾಯಿಗೋದೋರೂ ಇಲ್ಲ" ಅಂದಳು.

"ಕರೀರಿ ಅವಳ್ನ, ಇವತ್ತು ಬಾಯ್ಬುಡುಸ್ತೀನಿ!" ಎಂದಳು ಹೊಂಬಾಳಮ್ಮ.

ಒಳಗಿದ್ದ ನಯನಳಿಗೆ ಎಂಟು ಬಾಯಿ ಎದುರಿಗೆ ಒಂದು ಬಾಯಿ ಬಿಡುವುದಕ್ಕಿಂತ ಹಿತ್ತಲ ಬಾಗಿಲು ಸುಲಭ. ಹೊರಗೆ ಬಂದು, ಚಿಕ್ಕಮಾದಮ್ಮನ ಕೊಟ್ಟಿಗೆಗೆ ನುಗ್ಗಿ ಹುಲ್ಲಿನ ಹೊರೆಯ ಹಿಂದೆ ಕೂತಳು.

ಕೂತಿದ್ದವಳಿಗೆ ಸ್ವಲ್ಪ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಚಿಕ್ಕಮಾದಮ್ಮನ ಹಸು ಅವಳನ್ನೇ ನೋಡುತ್ತಿತ್ತು. ಕೆಚ್ಚಲು ತುಂಬಿ ಬಿಗಿದಿತ್ತು. ಬಿಸಿಲು ಆಗಲೇ ಹುಣಸೆಮರದ ಕೆಳಕ್ಕೆ ಇಳಿದಿತ್ತು. ಸಂಜೆ ಹಾಲಿನ ಹೊತ್ತು. ಕರೆಯಬೇಕಾದವಳು ಬೀದಿಯಲ್ಲಿ ಕಾಶಿಗಾಗಿ ಬಾಯಿಂದಲೂ ಮುಂಬೈಗಾಗಿ ಮನಸ್ಸಿನಿಂದಲೂ ಹೊಡೆದಾಡುತ್ತಿದ್ದಳು.

ಈ ಹಸುವಿಗೊಂದು ಚಾಳಿಯಿತ್ತು. ಚಿಕ್ಕಮಾದಮ್ಮ ತನ್ನ ಬೀಗರನ್ನು ಬೈಯುತ್ತಾ ಕೂತರೆ ಮಾತ್ರ ಹಾಲು ಬಿಡುತ್ತದೆ ಎಂದು ಊರೇ ನಂಬಿತ್ತು. ನಯನಳಿಗೆ ಬೈಯಲು ಬೀಗರಿರಲಿಲ್ಲ. ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತಳು. ಹಸು ಒಂದು ಸಲ ಕಿವಿ ಆಡಿಸಿತು, ಉಸಿರು ಬಿಟ್ಟಿತು. ಆಮೇಲೆ ಬಿಟ್ಟ ಹಾಲು ನೋಡಿದರೆ, ಪಾಪ, ಇಷ್ಟು ವರ್ಷ ಅದು ಬೈಗುಳವನ್ನು ಸಹಿಸಿಕೊಂಡು ಕೊಡುತ್ತಿತ್ತೇ ಹೊರತು ಇಷ್ಟಪಟ್ಟಲ್ಲ ಎನಿಸುತ್ತಿತ್ತು.

ಕ್ಯಾನಿಗೆ ಸುರಿದು ಮುಚ್ಚಿದಳು. ಅಷ್ಟರಲ್ಲಿ ಆಚೆ ಕೊಟ್ಟಿಗೆಯ ಹಸು 'ಅಂಬಾ' ಎಂದಿತು. ಅದರಾಚೆಯದೂ ಕೂಗಿತು. ಬೀದಿಯ ಎಲ್ಲ ಕೊಟ್ಟಿಗೆಗಳೂ ಹಿಂದಿನ ಓಣಿಗೆ ತೆರೆದುಕೊಂಡಿದ್ದವು. ಹೆಂಗಸರು ಮುಂದಿನ ಬೀದಿಯಲ್ಲಿ, ಹಸುಗಳು ಹಿಂದಿನ ಓಣಿಯಲ್ಲಿ. ನಯನ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ನುಸುಳಿದಳು, ನಡುವೆ ತನ್ನ ಹಸುವನ್ನೂ ಕರೆದು ಮುಗಿಸಿದಳು. ಅಡಗಿಕೊಂಡಂತೆಯೂ ಆಯಿತು, ಹಸುಗಳ ಸಂಕಟ ಕಳೆದಂತೆಯೂ ಆಯಿತು.

ಗೋಡೆಯಾಚೆಯಿಂದ ಎರಡೂ ಊರುಗಳು ಕೇಳಿಸುತ್ತಲೇ ಇದ್ದವು.

"ಮುಂಬೈಲಿ ಟ್ರೈನ್ ಅತ್ತುದ್ರೆ ಇಳಿಯಂಗಿಲ್ವಂತೆ, ಜನ್ವೇ ತಳ್ಳಿ ಇಳುಸ್ತಾರಂತೆ!"

"ಕಾಸೀಲಿ ಗಲ್ಲಿ ಒಳಗೆ ಗೂಳಿ ಎದುರಾದ್ರೆ ನೀನೇ ಇಂದಕ್ಕೆ ಓಗ್ಬೇಕಂತೆ!"

"ಗೂಳಿ ದಿನಾ ಮನೇಲೇ ನೋಡ್ತಿಲ್ವಾ, ಅಷ್ಟ್ ದೂರ ಯಾಕೆ ಓಗ್ಬೇಕು?"

"ಯಾರ್ಲೇ ಗೂಳಿ? ನಮ್ಮೆಜಮಾನ್ರನ್ನ ಅಂತೀಯ?"

ನಯನ ನಗುತ್ತಾ ಕರೆದಳು. ಅಲ್ಲೊಂದು ಇಲ್ಲೊಂದು ಕರು ಅವಳ ಲಂಗದ ಅಂಚು ಚೀಪಿತು. ಹಣೆಗೆ ಬೆಚ್ಚಗಿನ ಹೊಟ್ಟೆ, ಕೈಗೆ ಬೆಚ್ಚಗಿನ ಹಾಲು. ಈ ಗಲಾಟೆಯಲ್ಲೂ ಇಷ್ಟು ಹಾಯಾಗಿರಬಹುದೆಂದು ಅವಳು ಎಣಿಸಿರಲಿಲ್ಲ. ಕರೆಯುತ್ತಾ ಕರೆಯುತ್ತಾ ಸಂಜೆ ಹೇಳಬೇಕಾದ ಮಾತನ್ನು ಒಳಗೇ ಕಟ್ಟಿಕೊಂಡಳು. 'ನಂಗೆ ಸಮುದ್ರ ನೋಡ್ಬೇಕು. ಮುಂಬೈಗೇ ಓಗನ.' ಇಷ್ಟೇ. ನೂರು ಸಲ ಹೇಳಿಕೊಂಡಳು. ಪ್ರತಿ ಹಸುವೂ ಒಪ್ಪಿತು.

ಅಷ್ಟರಲ್ಲಿ ಡೈರಿಯ ಮೈಕು ಗೊರಗುಟ್ಟಿತು. ಕಾರ್ಯದರ್ಶಿ ಮರಿಯಯ್ಯನ ದನಿ: "ಹಾಲ್ ಹಾಕೋರು ಎಲ್ಲೋದ್ರಿ? ಗಾಡಿ ಬಂದು ನಿಂತದೆ. ಒಂದ್ ತೊಟ್ಟೂ ಬಂದಿಲ್ಲ. ಊರಿಗೂರೇ ಕಾಸಿಗೆ ಒಂಟೋದ್ರಾ?"

ಬೀದಿಯಲ್ಲಿ ಮರುಕ್ಷಣ, "ಅಯ್ಯೋ, ಹಸ ಕರೀಲಿಲ್ಲ!" ಎಂದು ಎಂಟು ಕೊರಳು ಒಟ್ಟಿಗೆ ಕೂಗಿದವು. ಎಂಟು ಜೊತೆ ಕಾಲು ಎಂಟು ದಿಕ್ಕಿಗೆ ಓಡಿದವು.

ಓಡಿದವರು ಅಷ್ಟೇ ವೇಗದಲ್ಲಿ ವಾಪಸು ಬಂದರು. ಎಲ್ಲರ ಕೈಯಲ್ಲೂ ತುಂಬಿದ ಕ್ಯಾನು, ಎಲ್ಲರ ಮುಖದಲ್ಲೂ ದೆವ್ವ ಕಂಡ ಬಿಳುಪು.

"ನಮ್ ಹಸಿನ್ ಹಾಲು ಯಾರೋ ಕರೆದು ಮಡಗವ್ರೆ!"

"ನಮ್ಮದೂ!"

ಚಿಕ್ಕಮಾದಮ್ಮ ಕೈಮುಗಿದುಬಿಟ್ಟಳು. "ಕಾಸಿ ಇಸ್ವನಾಥನೇ ಬಂದು ಕರೆದವ್ನೆ ಕಣ್ರವ್ವ. ಬಾ ಅಂತ ಸೂಚನೆ. ಇನ್ನು ಕೋಳಿ ಸಾರು ಬುಟ್ಟೇ ಬುಡ್ತೀನಿ!"

"ಇಸ್ವನಾಥ ಬಂದಿದ್ರೆ ಹಾಲು ಕರೀತಿದ್ನಾ?" ಎಂದಳು ವೀಣ. "ಅಭಿಸೇಕ ಮಾಡುಸ್ಕೊಂಡು ಓಗ್ತಿದ್ದ."

ಹೊಂಬಾಳಮ್ಮ ಇನ್ನೂ ಬಂದಿರಲಿಲ್ಲ. ಅವಳ ಹಸುವಿನ ಹೆಸರು ಚಾಮಿ. ಹೊಂಬಾಳಮ್ಮನ ಕೈ ಬಿಟ್ಟರೆ ಬೇರೆ ಕೈ ತಾಗಿಸಿಕೊಳ್ಳದು. ಅವಳ ಸೊಸೆಯನ್ನು ಒದ್ದು ತಿಪ್ಪೆಗೆ ಕಳಿಸಿತ್ತು. ದನದ ಡಾಕ್ಟರು ಚಾಮಿಗೆ ಸೂಜಿ ಚುಚ್ಚಬೇಕಾದರೆ ಕಿಟಕಿಯಾಚೆ ನಿಲ್ಲುತ್ತಿದ್ದ. ಎಲ್ಲರೂ ಅವಳ ಕೊಟ್ಟಿಗೆಗೆ ನುಗ್ಗಿದರು. ಹೊಂಬಾಳಮ್ಮ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಒಳಗೆ ಚಾಮಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಅದರ ಹೊಟ್ಟೆಗೆ ಹಣೆಯಾನಿಸಿ ನಯನ ಕೊನೆಯ ಹನಿಗಳನ್ನು ಇಳಿಸುತ್ತಿದ್ದಳು.

ಯಾರೂ ಬೈಯಲಿಲ್ಲ. ಹಾಲಿನ ಮುಂದೆ ಬೈಗುಳ ಏಳಲಿಲ್ಲ.

ಡೈರಿಯಲ್ಲಿ ಮರಿಯಯ್ಯ ಹಾಲನ್ನು ಕೊಬ್ಬು ಅಳೆಯುವ ಮಿಷನ್ನಿಗೆ ಹಿಡಿದು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. "ಇದೇನ್ರವ್ವ, ಎಲ್ರುದೂ ಫ್ಯಾಟು ಹಿಂಗೆ ಬಂದದೆ? ಇವತ್ತು ನೀರು ಬೆರ್ಸಕ್ಕೆ ಯಾರ್ಗೂ ಪುರುಸೊತ್ತಾಗ್ಲಿಲ್ವಾ?"

ಎಲ್ಲರೂ ಕೇಳಿಸದವರಂತೆ ಡೈರಿಯ ಜಗಲಿಯ ಮೇಲೆ ಕೂತರು. ದೀಪ ಹತ್ತಿಸಿದ್ದಾಯಿತು. ಹೊಂಬಾಳಮ್ಮ ಗಂಟಲು ಸರಿಮಾಡಿಕೊಂಡಳು.

"ಆಯ್ತು. ಆಗಿದ್ದಾಯ್ತು. ಈಗ ಏಳ್ಬುಡು ನಯನ. ನೀನು ಏನಂತೀಯೋ ಅದೇ. ಕಾಸಿಯೋ, ಬೊಂಬಾಯೋ?"

ನಯನ ಎದ್ದು ನಿಂತಳು. ಮೊದಲ ಸಲ ಅವಳ ಕತ್ತು ಮೇಲೆದ್ದಿತ್ತು. ಹಸುಗಳೆಲ್ಲ ಒಪ್ಪಿದ ಮಾತು ನಾಲಿಗೆಯ ತುದಿಯಲ್ಲಿತ್ತು. "ನಂಗೆ..." ಎಂದಳು.

"ತಡಿ ತಡಿ" ಎಂದಳು ಹೊಂಬಾಳಮ್ಮ. ಅವಳ ಕಣ್ಣು ನಯನಳ ಕೈ ಮೇಲಿತ್ತು. "ಅಲ್ಲ ಕಣ್ರೆ, ಒಂದೇ ಊರು ಅಂತ ನಾವು ಯಾಕೆ ಬಡ್ಕೊಂಡ್ವಿ?"

"ಹಸ ಕರೆಯೋರಿಲ್ಲ ಅಂತ" ಎಂದಳು ವೀಣ. ಅಂದವಳು ತಾನೂ ನಿಧಾನಕ್ಕೆ ನಯನಳ ಕಡೆ ತಿರುಗಿದಳು.

ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ದನದ ಸಂತೆಯಲ್ಲಿ ಒಳ್ಳೆ ಸುಳಿಯ ಹಸು ಕಂಡಾಗ ಜನ ಹೀಗೇ ನೋಡುತ್ತಾರೆ.

"ಚಾಮೀನೇ ಒಪ್ಪದೆ ಅಂದ್ಮೇಲೆ!" ಎಂದಳು ಚಿಕ್ಕಮಾದಮ್ಮ.

"ನೆಂಟ್ರನ್ನ ಕರೆಯೋ ತಾಪತ್ರಯನೇ ಇಲ್ಲ!"

"ಕಾಸಿಗೂ ಓಗನ, ಮುಂಬೈಗೂ ಓಗನ!"

ಹೊಂಬಾಳಮ್ಮನೂ ವೀಣಳೂ ತಬ್ಬಿಕೊಂಡುಬಿಟ್ಟರು. ಬೆಳಗಿನಿಂದ ಹೊಡೆದಾಡಿದ ಎರಡು ಊರುಗಳು ಹೀಗೆ ಒಂದಾದದ್ದು ನೋಡಿ ಮರಿಯಯ್ಯನ ಕಣ್ಣೂ ಒದ್ದೆಯಾಯಿತು. ನಯನ ಇನ್ನೂ ನಿಂತೇ ಇದ್ದಳು. ಹೊಂಬಾಳಮ್ಮ ಬಂದು ಅವಳ ಗಲ್ಲ ಸವರಿ ನೆಟಿಕೆ ಮುರಿದಳು.

"ಬೇಜಾರ್ ಮಾಡ್ಕಬೇಡ ಮಗಳೆ. ಒಬ್ರು ಕಾಯೋರಿದ್ರೇನೆ ಮಿಕ್ಕೋರು ಓಗಕ್ಕಾಗೋದು. ನಾನೂ ಚೀಲ ಕಾದೇ ಪುಣ್ಯ ತಕ್ಕೊಂಡು ಬಂದಿದ್ದು. ನಿಂಗೆ ಕಾಸಿ ದಾರ ತತ್ತೀನಿ, ಗಂಗಾಜಲ ತತ್ತೀನಿ."

"ನಾನು ಕ್ಲಿಪ್ಪು ತತ್ತೀನಿ, ಮುಂಬೈದು" ಎಂದಳು ವೀಣ.

"ಹೂಂ" ಎಂದಳು ನಯನ.

ಮಿಷನ್ನು ಮುಚ್ಚುತ್ತಿದ್ದ ಮರಿಯಯ್ಯ ಸುಮ್ಮನಿರಲಾರದೆ, "ಅಲ್ಲ, ಮೊದ್ಲು ಯಾವೂರಿಗೆ?" ಎಂದುಬಿಟ್ಟ.

"ಮೊದ್ಲು ಕಾಸಿ! ತೊಳ್ಕೊಂಡು ಆಮೇಲೆ ಊರು ಸುತ್ತನ!"

"ತೊಳ್ಕೊಂಡ್ಮೇಲೆ ಮತ್ತೆ ಕೊಳೆ ಮಾಡ್ಕತೀಯ? ಮೊದ್ಲು ಮುಂಬೈ! ಮಾಡೋ ಪಾಪ ಎಲ್ಲ ಮಾಡ್ಬುಟ್ಟು ಆಮೇಲೆ ಗಂಗೆಗೆ ಬೀಳನ!"

"ಮೊದ್ಲು ಬೊಂಬಾಯೇ ಸರಿ ಕಣವ್ವ, ಕಾಸಿಗೆ ಓಗೋಗಂಟ ಕೋಳಿ ತಿನ್ಬೋದು!"

"ಓಹೋ, ಚಿಕ್ಕಮಾದಿ ಈಗ ಆ ಕಡೆಯಾ!"

ಎಂಟೂ ಜನ ಎದ್ದು ನಿಂತರು. ಜಗಲಿ ಅದುರಿತು. ದೀಪದ ಸುತ್ತ ಹಾರುತ್ತಿದ್ದ ಹುಳುಗಳು ಕೂಡ ದೂರ ಸರಿದವು. ನಯನ ತನ್ನ ಖಾಲಿ ಕ್ಯಾನನ್ನು ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ ನಿಂತಳು. ತಿರುಗಿ ಬಂದು, ಹುಟ್ಟಿದ ಮೇಲೆ ಮೊದಲ ಸಲ, ಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದಳು.

"ದೊಡ್ಡವ್ವ, ವೀಣಕ್ಕ, ಬರುವಾಗ ನಂಗೊಂದು ಬಾಟ್ಲಿ ಸಮುದ್ರದ ನೀರು ತಂದ್ಕೊಡಿ."